ಗುರುದೇವಿಯ ಕೈ ಮೈಲಿಗೆ

ಚರ್ಮದ ಚೀಲ ಮಾಡುವ ತರಬೇತಿಗೆ ಗುರುದೇವಿ ಸೇರಿದ ದಿನವೇ ಅತ್ತೆ ಅಂಬವ್ವ ಕಟ್ಟಳೆ ಹಾಕಿದಳು. "ಸತ್ತ ದನದ ತೊಗಲು ಹಿಡಿದ ಕೈ. ಗ್ವಾಡ್ಯಾಗಿನ ದೇವರ ಮಾಡ, ಕುಡಿಯೂ ನೀರಿನ ಕೊಡ ಮುಟ್ಟಬ್ಯಾಡ."

ತೆಲುಗು ಸೀಮೆಯ ಕುಷಾಯಿಗೂಡದ ಆ ಬಾಡಿಗೆ ಮನೆಯಲ್ಲಿ ಉಳಿದದ್ದನ್ನೆಲ್ಲ ಮುಟ್ಟಬಹುದಿತ್ತು. ಲಕ್ವ ಹೊಡೆದು ಮಲಗಿದ ಮಾವ ಅಮರೇಶಪ್ಪನ ಹೇಲುಬಟ್ಟೆ, ಗಂಡ ಆನಂದಕುಮಾರ ಬಚ್ಚಲ ಮೂಲೆಗೆ ಉಗುಳಿದ ಗುಟ್ಕಾದ ಕೆಂಪು ಲೋಳೆ, ಮೋರಿಯ ಜಾಲರಿಗೆ ಸುತ್ತಿಕೊಂಡ ಅತ್ತೆಯ ಕೂದಲು, ಎಲ್ಲಕ್ಕೂ ಆ ಕೈ ಆಗುತ್ತಿತ್ತು. ರೊಟ್ಟಿಗೂ ಆಗುತ್ತಿತ್ತು. ಅವಳು ಕೊಡ ಮುಟ್ಟದ ಹಾಗೆ ಅಂಬವ್ವನೇ ಹಿಟ್ಟಿಗೆ ಮೇಲಿಂದ ನೀರು ಹೊಯ್ಯುವಳು. ಇವಳು ನಾದಿ, ಬಡಿದು, ಬೇಯಿಸುವಳು. ಕುಡಿಯಲು ಬೇಕೆಂದರೆ ಬೊಗಸೆಗೂ ಹಾಗೆಯೇ ಮೇಲಿಂದ. ನೀರು ಮೊಣಕೈಗಿಳಿದು ಕುಪ್ಪಸ ತೊಯ್ಯುವಾಗ ಗುರುದೇವಿಗೆ ಮೈಯೆಲ್ಲ ಮುಳ್ಳೇಳುತ್ತಿತ್ತು.

ಚರ್ಮಕ್ಕೆ ಅವಳು ಹೇಸಿರಲಿಲ್ಲವೆಂದಲ್ಲ. ಹದ ಮಾಡುವ ಜಾಗ ತೋರಿಸಲು ಕರೆದೊಯ್ದಾಗ ಗೋಡೆ ಹಿಡಿದು ಕಾರಿಕೊಂಡಿದ್ದಳು. ಆದರೆ ಆ ನಾತಕ್ಕೊಂದು ಕೊನೆಯಿತ್ತು. ಹದಗೊಂಡ ತೊಗಲು ನುಣ್ಣಗೆ ಕೈಗೆ ಬರುತ್ತಿತ್ತು. ಅಗಲ ಅಲಗಿನ ರಂಪಿಗೆಯಿಂದ ಅಂಚು ಹೆರೆದರೆ ಈರುಳ್ಳಿ ಸಿಪ್ಪೆಯಂತೆ ಸುರುಳಿ ಬೀಳುತ್ತಿತ್ತು. ಮನೆಯ ಕೊಳಕಿಗೆ ಕೊನೆಯೇ ಇರಲಿಲ್ಲ.

ತರಬೇತಿಯಲ್ಲಿ ಹೆಂಗಸರಿಗೆ ಅಂಟು ಬಳಿಯುವುದು, ದಾರ ಕತ್ತರಿಸುವುದು ಇಷ್ಟೇ ಕೆಲಸ. ಇಡೀ ತೊಗಲು ಹಾಸಿ, ಗಾಯದ ಕಲೆ ತಪ್ಪಿಸಿ ಕೊಯ್ಯುವ ಮೇಜು ಗಂಡಸರದು. ಗುರುದೇವಿ ಬೆನ್ನುಬಿದ್ದು ಕೇಳಿದ್ದಕ್ಕೆ ಮೇಸ್ತ್ರಿ ಜನಾರ್ದನ ಕೊನೆಗೆ, "ರೇಪು ನುವ್ವೇ, ನಾಳಿ ನೀನೇ ಕೊಯ್ಯಿ. ಕೆಡಿಸಿದ್ರ ಮತ್ತ ಅಂಟಿಗೇ," ಅಂದಿದ್ದ.

ಆ ಸಂಜೆಯೇ ಆನಂದಕುಮಾರ ಊಟಕ್ಕೆ ಕೂತವನು ಅಂದ: "ನಾಳಿಂದ ಹೋಗಬ್ಯಾಡ. ಅವ್ವಗ ಹೇಸಿಗಿ ಆಗಾಕತ್ತೈತಿ."

"ನಿಮಗ?"

"ನನಗೂ. ನಿನ್ನ ಕೈ ನೆನಸಿಕೊಂಡ್ರ ಊಟ ಸೇರಂಗಿಲ್ಲ," ಅಂದವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡು ಪಲ್ಯ ಬಳಿದು ಬಾಯಿಗಿಟ್ಟ. ಎಣ್ಣೆ ಗಲ್ಲಕ್ಕಿಳಿಯಿತು. ಗುರುದೇವಿ ಅವನ ಬಾಯಿಯನ್ನೇ ನೋಡುತ್ತ ಕೂತಳು. ತನ್ನ ಪಾಲಿನ ರೊಟ್ಟಿಯನ್ನು ತಿನ್ನದೆ ಬುಟ್ಟಿಗೆ ಮರಳಿಸಿದಳು.

ಬೆಳಿಗ್ಗೆ ಅವಳು ಒಲೆ ಹಚ್ಚಲಿಲ್ಲ, ಪಾತ್ರೆ ತಿಕ್ಕಲಿಲ್ಲ. ಮಾವ ಹಾಸಿಗೆ ಹೊಲಸು ಮಾಡಿಕೊಂಡಿದ್ದ.

"ಎಲ್ಲಿ ಸತ್ತಿ, ಗುರುದೇವಿ?" ಅಂಬವ್ವ ಒದರಿದಳು.

"ಇಲ್ಲೇ ಅದೀನ್ರಿ, ಅತ್ತಿ. ಕೈ ಮೈಲಿಗಿ ಐತಿ. ಇನ್ನ ಏನೂ ಮುಟ್ಟಂಗಿಲ್ಲ."

ಮಾವನ ಕಣ್ಣು ಕಂಡು ಕೈ ತಾನಾಗಿಯೇ ಮುಂದಾಯಿತು. ಎಳೆದುಕೊಂಡಳು. ಅವನು ಹೆತ್ತ ಮಗ ಎದುರಿಗೇ ನಿಂತಿದ್ದನಲ್ಲ.

"ನಾ ಹೆಂಗ ಮಾಡ್ಲಿ?" ಆನಂದಕುಮಾರ ಮೂಗಿಗೆ ಅಂಗಿ ಏರಿಸಿಕೊಂಡ.

"ಮೊದಲ ನೀರು ತುಂಬಿಕೋರಿ. ನಿಮ್ಮ ಕೈ ಮಡಿ ಅದಾವು."

ಅವಳು ಬಸ್ಸಿಗೆ ಹೊರಟಳು. ಮಧ್ಯಾಹ್ನ ಇಡೀ ತೊಗಲನ್ನು ಒಬ್ಬಳೇ ಕೊಯ್ದಳು. ಒಂದು ತುಂಡು ಸೊಟ್ಟವಾಯಿತು, ಉಳಿದವು ನೆಟ್ಟಗಿದ್ದವು. ಜನಾರ್ದನ ಅವಳ ಅಂಟಿನ ಡಬ್ಬಿಯನ್ನು ಎತ್ತಿ ಬೇರೆಯವರ ಮುಂದಿಟ್ಟ.

ಸಂಜೆ ಮರಳಿದರೆ ಮನೆಯೇ ನಾರುತ್ತಿತ್ತು. ಮಾವನನ್ನು ಹೇಗೋ ಒರೆಸಿದ್ದರು. ಹೊಲಸು ಬಟ್ಟೆ ಬಕೀಟಿನಲ್ಲಿ ಅವಳಿಗೆಂದೇ ನೆನೆದಿತ್ತು.

"ಬಾರವಾ," ಅಂದಳು ಅಂಬವ್ವ, ದನಿ ಮೆತ್ತಗೆ. "ಕೊಡ ಮುಟ್ಟು, ಮಾಡಾನೂ ಮುಟ್ಟು. ಕ್ಲಾಸಿಗೂ ಹೋಗು, ಯಾರು ಬ್ಯಾಡಂದ್ರು?"

ಮಾಡದೊಳಗಿನ ದೇವರ ಮಡಿ ಒಂದು ಬಕೀಟು ಹೇಲಿಗೆ ಬಿಕರಿಯಾಗಿತ್ತು. ಗುರುದೇವಿಗೆ ಉಗುಳಬೇಕೆನಿಸಿತು. ಕೊಡದಿಂದ ತಾನೇ ತಂಬಿಗೆ ತುಂಬಿ, ತುಟಿಗಿಟ್ಟು ಗಟಗಟ ಕುಡಿದಳು. ಆಮೇಲೆ ಬಕೀಟನ್ನು ಕಾಲಿನಿಂದ ಗಂಡನ ಕಡೆಗೆ ನೂಕಿದಳು.