ಹನ್ನೆರಡನೇ ತಿಂಗಳ ಪರೀಕ್ಷೆ

ನನ್ನ ಚಿಕ್ಕಮ್ಮನನ್ನು ಕಾರ್ಖಾನೆಯಲ್ಲಿ ಎಲ್ಲರೂ ‘ಮುರಿಯೋ ಅಕ್ಕ’ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಅವಳು ಅಲ್ಲಿ ಮಾಡಿದ ಕೆಲಸವೇ ಅದು, ಮುರಿಯುವುದು. ಸಿರಿಂಜು, ಡ್ರಿಪ್ ಹಾಕುವ ನಳಿಗೆ, ಕೈಗವಸು, ಗಾಯಕ್ಕೆ ಸುತ್ತುವ ಬಟ್ಟೆ, ಹೀಗೆ ಆಸ್ಪತ್ರೆಗೆ ಹೋಗುವ ಸಾಮಾನುಗಳನ್ನು ತಯಾರಿಸಿ, ಪೆಟ್ಟಿಗೆಗಳಲ್ಲಿ ಮುಚ್ಚಿ, ಒಂದಾಳುದ್ದ ದಪ್ಪದ ಕಾಂಕ್ರೀಟ್ ಗೋಡೆಯ ಹಿಂದೆ ಗಾಮಾ ಕಿರಣಗಳ ಎದುರು ಹಾಯಿಸಿ, ಒಂದು ಕ್ರಿಮಿಯೂ ಉಳಿಯದಂತೆ ಮಾಡಿ ಕಳಿಸುವ ಕಾರ್ಖಾನೆ ಅದು. ಆದರೆ ಕಿರಣ ಕ್ರಿಮಿಯನ್ನು ಕೊಂದು ಸುಮ್ಮನಾಗುವುದಿಲ್ಲ. ಸಾಮಾನಿನ ಒಳಗೂ ಕೈಯಾಡಿಸಿರುತ್ತದೆ. ಎಷ್ಟು ಆಡಿಸಿದೆ ಎಂದು ನೋಡುವವಳು ಚಿಕ್ಕಮ್ಮ. ಒಂದೇ ಸಲಕ್ಕೆ ತಯಾರಾದ ಪ್ರತಿ ತಂಡದಿಂದ, ಅಂದರೆ ಬ್ಯಾಚಿನಿಂದ, ಐವತ್ತು ತುಂಡುಗಳನ್ನು ಎತ್ತಿಟ್ಟುಕೊಂಡು, ಒಂದು ತಿಂಗಳಿಗೆ ಹತ್ತು, ಆರು ತಿಂಗಳಿಗೆ ಹತ್ತು, ಆಮೇಲೆ ಒಂದು, ಎರಡು, ಮೂರು ವರ್ಷಕ್ಕೆ ಹತ್ತತ್ತು ಎಂದು ತೆಗೆದು, ಬಗ್ಗಿಸಿ, ಜಗ್ಗಿ, ಮುರಿದು, ಎಷ್ಟಕ್ಕೆ ಮುರಿಯಿತೆಂದು ಬರೆದಿಡುತ್ತಿದ್ದಳು.

ಓದುವ ನೆಪದಲ್ಲಿ ನಾನು ನಾಲ್ಕು ವರ್ಷ ಅವರ ಮನೆಯಲ್ಲಿದ್ದೆ. ಮೂರನೇ ಮಹಡಿ, ಎರಡು ಕೋಣೆ, ಬಟ್ಟೆ ಒಣಗಿಸಲು ಒಂದು ಕಿಟಕಿ. ಚಿಕ್ಕಪ್ಪ ಕೆಳಗೆ ಬೀದಿಯಲ್ಲಿ ಬೀಗ ರಿಪೇರಿ ಮಾಡುತ್ತಿದ್ದರು. “ನಾನು ಕೂಡಿಸೋನು, ಇವಳು ಮುರಿಯೋಳು, ಅದಕ್ಕೇ ಸಂಸಾರ ಸರಿಯಾಗಿ ನಡೀತಿದೆ,” ಎಂದು ಬಂದವರೆದುರು ಹೇಳುತ್ತಿದ್ದರು. ಪಕ್ಕದ ಮನೆಯಾಕೆ ಮೊದಮೊದಲು ಚಿಕ್ಕಮ್ಮ ಕೊಟ್ಟ ಸಕ್ಕರೆಯನ್ನೂ ಮುಟ್ಟುತ್ತಿರಲಿಲ್ಲವಂತೆ, ಕಿರಣ ಅಂಟುತ್ತದೆಂದು. ಚಿಕ್ಕಮ್ಮ ನಕ್ಕು ಹೇಳಿದ್ದಳು: “ಅಂಟೋದಾಗಿದ್ರೆ ಇಷ್ಟು ಹೊತ್ತಿಗೆ ನಾನು ಕತ್ತಲಲ್ಲಿ ಹೊಳೀಬೇಕಿತ್ತು. ಕರೆಂಟ್ ಬಿಲ್ಲೇ ಬರ್ತಿರಲಿಲ್ಲ.”

ವಸ್ತುಗಳ ಬಗ್ಗೆ ಅವಳು ಮಾತಾಡುತ್ತಿದ್ದುದು ನೆಂಟರ ಬಗ್ಗೆ ಮಾತಾಡಿದ ಹಾಗೆ. ಗಾಜು ಕಿರಣ ತಗುಲಿದ ಕೂಡಲೇ ಕಂದು ತಿರುಗುತ್ತದೆ, ಆಮೇಲೆ ಬೆಳಕಿನಲ್ಲಿಟ್ಟರೆ ನಿಧಾನಕ್ಕೆ ತಿಳಿಯಾಗುತ್ತದೆ. ಹತ್ತಿ ಬಟ್ಟೆಯ ನೂಲು ಸ್ವಲ್ಪ ಸೋಲುತ್ತದೆ. ರಬ್ಬರು ತಡೆದುಕೊಳ್ಳುತ್ತದೆ. ಮೋಸ ಮಾಡುವುದು ಒಂದು ಜಾತಿಯ ಬಿಳಿ ಪ್ಲಾಸ್ಟಿಕ್. ಕಿರಣ ತಗುಲಿದ ದಿನ ಅದಕ್ಕೇನೂ ಆಗಿರುವುದಿಲ್ಲ, ಮರುತಿಂಗಳೂ ಗಟ್ಟಿಮುಟ್ಟಾಗಿರುತ್ತದೆ. ಕಪಾಟಿನಲ್ಲಿ ಸುಮ್ಮನೆ ಕೂತಲ್ಲೇ ಒಳಗೊಳಗೆ ಸವೆಯುತ್ತಾ ಹೋಗಿ, ಒಂದು ದಿನ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಅದಕ್ಕೊಂದು ಮದ್ದು ಬೆರೆಸಿ ಎರಕ ಹೊಯ್ದರೆ ಬಾಳಿಕೆ ಬರುತ್ತದೆ. ಕಾರ್ಖಾನೆಯವರು ಹಾಗೆ ಮದ್ದು ಬೆರೆಸಿದ ಪ್ಲಾಸ್ಟಿಕ್ ಕಾಳನ್ನೇ ಬಹುಕಾಲ ತರಿಸುತ್ತಿದ್ದರು.

ಒಂದು ವರ್ಷ ಬೇರೆ ಕಡೆಯಿಂದ ಕಾಳು ಬಂತು. ಡ್ರಿಪ್ ನಳಿಗೆ ಸೂಜಿಗೆ ಸೇರುವಲ್ಲಿ ಕಿರುಬೆರಳ ತುದಿಯಷ್ಟು ದೊಡ್ಡ ಕನೆಕ್ಟರ್ ಇರುತ್ತದಲ್ಲ, ಅದನ್ನು ಈ ಕಾಳಿನಿಂದ ಮಾಡಿದರು. ಮೊದಲ ತಿಂಗಳು ಹತ್ತಕ್ಕೆ ಹತ್ತೂ ಬಗ್ಗಿದವು, ಮುರಿಯಲಿಲ್ಲ. ಆರು ತಿಂಗಳಿಗೆ ಒಂದು ಸೀಳಿತು. ಹನ್ನೆರಡನೇ ತಿಂಗಳ ಪರೀಕ್ಷೆಯಲ್ಲಿ ಎಂಟು ಮುರಿದವು. ಯಂತ್ರಕ್ಕೆ ಹಾಕುವ ಅಗತ್ಯವೇ ಬೀಳಲಿಲ್ಲ, ಬೆರಳಲ್ಲಿ ಒತ್ತಿದರೆ ಸಾಕಾಯಿತು. ಪೊಟ್ಟಣದ ಮೇಲೆ ಮೂರು ವರ್ಷ ಬಾಳಿಕೆ ಎಂದು ಅಚ್ಚಾಗಿತ್ತು.

ಎಂಟು ತುಂಡುಗಳನ್ನು ಬಟ್ಟಲಲ್ಲಿ ಹಾಕಿಕೊಂಡು ಚಿಕ್ಕಮ್ಮ ಮ್ಯಾನೇಜರ ಕೋಣೆಗೆ ಹೋದಳು. ಅವರು ಕೆಟ್ಟವರಲ್ಲ. ಇವಳ ಮಂಡಿನೋವು ನೋಡಿ ಕುರ್ಚಿ ಕೊಡಿಸಿದವರು ಅವರೇ.

“ಕೂತ್ಕೊಳ್ಳಿ. ವರ್ಷಗಟ್ಟಲೆ ಇದನ್ನ ಯಾವ ಆಸ್ಪತ್ರೆಯವರು ಇಟ್ಕೋತಾರೆ ಹೇಳಿ. ಬಂದ ತಿಂಗಳಲ್ಲೇ ಖರ್ಚಾಗುತ್ತೆ.”

“ಇಟ್ಕೊಂಡ್ರೆ, ಸಾರ್?”

“ಇಡಲ್ಲ ಅಂದ್ನಲ್ಲ. ನೋಡಿ, ನೀವು ಮುರಿಯಕ್ಕೇ ಅಂತ ಬಗ್ಗಿಸ್ತೀರಿ. ಆಸ್ಪತ್ರೆಲಿ ಯಾರು ಹಾಗೆ ಬಗ್ಗಿಸ್ತಾರೆ?”

ಮರುವಾರ ಹೊಸ ಫಾರಂ ಬಂತು. ಕನೆಕ್ಟರಿಗೆ ಹನ್ನೆರಡನೇ ತಿಂಗಳಲ್ಲಿ ಇನ್ನು ಬಗ್ಗಿಸುವ ಪರೀಕ್ಷೆ ಇಲ್ಲ. ಬಣ್ಣ ನೋಡಿ, ತೂಕ ಮಾಡಿ, ಸಹಿ ಹಾಕಿದರಾಯಿತು. ಆ ತಂಡದ ಬಣ್ಣ ಸರಿಯಿತ್ತು, ತೂಕವೂ ಸರಿಯಿತ್ತು. ಚಿಕ್ಕಮ್ಮ ಎರಡು ದಿನ ಫಾರಂ ಮುಂದಿಟ್ಟುಕೊಂಡು ಕೂತಳು. ಮೂರನೇ ದಿನ ಸಹಿ ಹಾಕಿದಳು. ಮನೆಗೆ ಬಂದು ದೀಪ ಹಾಕದೆ ಮಲಗಿಬಿಟ್ಟಳು. ತಲೆನೋವು ಎಂದು ನಾವಂದುಕೊಂಡೆವು.

ಅದಾಗಿ ಮೂರು ತಿಂಗಳಿಗೆ ಚಿಕ್ಕಪ್ಪನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿಯಿತು. ತಿಳಿಯುವ ಹೊತ್ತಿಗೆ ತಡವಾಗಿತ್ತು. ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿದರು. ಚಿಕ್ಕಮ್ಮ ಅಭ್ಯಾಸಬಲದಿಂದ ಪೊಟ್ಟಣ ಎತ್ತಿಕೊಂಡು ಸಂಖ್ಯೆ ಓದಿದಳು. ಅದೇ ತಂಡ. ಹದಿನೈದು ತಿಂಗಳ ಹಳೆಯದು.

“ಸಿಸ್ಟರ್, ಇದು ಬೇಡ, ಬೇರೆ ಹಾಕಿ,” ಎಂದಳು.

ನರ್ಸ್ ಬೇರೆಯದು ತಂದಳು. ಅದರ ಮೇಲೂ ಅದೇ ಸಂಖ್ಯೆ. ಮೂರನೆಯದೂ ಅದೇ.

“ಉಗ್ರಾಣದ ತುಂಬ ಇದೇ ಇರೋದು. ಡೇಟ್ ಇನ್ನೂ ಇದೆಯಲ್ಲಮ್ಮ, ಏನಾಗಿದೆ ಇದಕ್ಕೆ?”

ಚಿಕ್ಕಮ್ಮ ಪೊಟ್ಟಣವನ್ನು ತಿರುಗಿಸಿ ನೋಡಿದಳು. ಆ ಕಾಗದಕ್ಕೆ ಸಹಿ ಹಾಕಿದ್ದು ತಾನೇ ಎಂದು ಹೇಗೆ ಹೇಳುವುದು? “ಏನಿಲ್ಲ, ಹಾಕಿ,” ಎಂದಳು.

ಆಮೇಲಿನ ಹನ್ನೊಂದು ದಿನ ಡ್ರಿಪ್ ಇಳಿಯುವಷ್ಟು ಹೊತ್ತೂ ಆ ಕನೆಕ್ಟರನ್ನು ಎರಡು ಬೆರಳ ನಡುವೆ ಹಿಡಿದುಕೊಂಡೇ ಕೂತಿರುತ್ತಿದ್ದಳು. ಚಿಕ್ಕಪ್ಪ ಹೊರಳದಂತೆ, ಕೈ ಎಳೆದುಕೊಳ್ಳದಂತೆ. ಅವಳಿಗೆ ಊಟ ನಾನೇ ತಿನ್ನಿಸುತ್ತಿದ್ದೆ. ಗಂಡನ ಮೇಲೆ ಎಂಥ ಮಮತೆ ಎಂದು ವಾರ್ಡಿನವರೆಲ್ಲ ಮೆಚ್ಚಿಕೊಂಡರು. “ಕೈ ಬಿಡೇ, ನಾನೆಲ್ಲೂ ಓಡಿಹೋಗಲ್ಲ,” ಎಂದು ಚಿಕ್ಕಪ್ಪ ಕ್ಷೀಣವಾಗಿ ನಗುತ್ತಿದ್ದರು.

ಪಕ್ಕದ ಹಾಸಿಗೆಯಲ್ಲಿ ಒಬ್ಬ ಮುದುಕರು, ಶಾಲೆಯಲ್ಲಿ ಗಂಟೆ ಬಾರಿಸಿ ನಿವೃತ್ತರಾದವರು. ರಕ್ತದೊತ್ತಡ ಕುಸಿಯದಂತೆ ಅವರಿಗೆ ಹನಿಹನಿಯಾಗಿ ಔಷಧಿ ಹೋಗುತ್ತಿತ್ತು. ಒಂಬತ್ತನೇ ದಿನ ಮಧ್ಯಾಹ್ನ ಅವರ ಮಗಳು ಔಷಧಿ ತರಲು ಕೆಳಗೆ ಹೋಗಿದ್ದಳು. ಚಿಕ್ಕಮ್ಮನ ಕಣ್ಣು ಅತ್ತ ಹೋದಾಗ ಹಾಸಿಗೆಯ ಬಟ್ಟೆ ಒದ್ದೆಯಾಗಿತ್ತು. ಕನೆಕ್ಟರ್ ಎರಡು ಹೋಳಾಗಿ, ಔಷಧಿ ಎಷ್ಟು ಹೊತ್ತಿನಿಂದಲೋ ಮೈಗೆ ಹೋಗದೆ ಹಾಸಿಗೆಗೆ ಇಳಿಯುತ್ತಿತ್ತು. ಅವಳು ಕೂಗಿಕೊಂಡಳು. ನರ್ಸ್ ಓಡಿಬಂದು ಬೇರೆ ಜೋಡಿಸಿದಳು. “ಹಾಳಾದ್ದು, ಈ ವಾರದಲ್ಲಿ ಇದು ನಾಲ್ಕನೇದು,” ಎಂದು ಗೊಣಗಿದಳು.

ಮುದುಕರು ಮರುದಿನ ಬೆಳಿಗ್ಗೆ ತೀರಿಕೊಂಡರು. ಅವರ ಹೃದಯ ಮೊದಲೇ ಸೋತಿತ್ತು, ಹೇಗಿದ್ದರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಮಗಳು ಹೊರಡುವ ಮುಂಚೆ ಚಿಕ್ಕಮ್ಮನ ಕೈ ಹಿಡಿದುಕೊಂಡು, “ನೀವಾದ್ರೂ ನೋಡಿ ಕರೆದ್ರಿ. ನಿಮ್ಮ ಉಪಕಾರ ಮರೆಯಲ್ಲ,” ಎಂದು ಅತ್ತಳು. ಮನೆಗೊಮ್ಮೆ ಬನ್ನಿ ಎಂದು ವಿಳಾಸ ಬರೆದುಕೊಟ್ಟಳು. ಚಿಕ್ಕಪ್ಪ ಮತ್ತೆರಡು ದಿನ ಇದ್ದರು.

ಚಿಕ್ಕಪ್ಪ ತೀರಿಕೊಂಡ ಒಂದು ತಿಂಗಳಿಗೆ ಚಿಕ್ಕಮ್ಮ ಸರ್ಕಾರಿ ಪರಿಶೀಲನಾ ಕಚೇರಿಗೆ ಕಾಗದ ಬರೆದಳು. ತಂಡದ ಸಂಖ್ಯೆ, ಎಂಟು ತುಂಡು, ಬದಲಾದ ಫಾರಂ, ತನ್ನ ಸಹಿ, ಎಲ್ಲವನ್ನೂ ಬರೆದು ಕೆಳಗೆ ತನ್ನ ಹೆಸರನ್ನೇ ಹಾಕಿದಳು. ಉತ್ತರಕ್ಕಾಗಿ ಕಾದಳು. ಒಂದು ವರ್ಷ ಮೂರು ತಿಂಗಳ ಮೇಲೆ ಒಬ್ಬ ಅಧಿಕಾರಿ ಬಂದರು. ಅಷ್ಟರಲ್ಲಿ ಹಳೆಯ ಮಾದರಿಗಳನ್ನೆಲ್ಲ ಸುಟ್ಟುಹಾಕಿ, ಅವಳ ಕಪಾಟುಗಳಿದ್ದ ಕೋಣೆಯಲ್ಲಿ ಆಫೀಸಿನ ಮುರುಕು ಕುರ್ಚಿಗಳನ್ನು ತುಂಬಿಸಿದ್ದರು. ಆಸ್ಪತ್ರೆಯ ಉಗ್ರಾಣದಲ್ಲೂ ಆ ತಂಡದ ಒಂದು ಪೊಟ್ಟಣವೂ ಉಳಿದಿರಲಿಲ್ಲ. ಎಲ್ಲ ಯಾರು ಯಾರದೋ ಕೈಗೆ ಏರಿ ಮುಗಿದಿತ್ತು.

ಅಧಿಕಾರಿ ವಿನಯವಂತರು. “ನಿಮ್ಮ ಮಾತು ನಾನು ನಂಬ್ತೀನಿ, ತಾಯಿ. ಆದ್ರೆ ನಾನು ಬರೀಬೇಕಾದ್ದು ಪದಾರ್ಥದ ಬಗ್ಗೆ. ಪದಾರ್ಥವೇ ಇಲ್ಲವಲ್ಲ,” ಎಂದರು. ಅವರ ವರದಿಯ ಕೆಳಗೂ ಅವಳು ಸಹಿ ಹಾಕಬೇಕಾಯಿತು. ಮ್ಯಾನೇಜರು ರೇಗಲಿಲ್ಲ. ಅವಳನ್ನು ಪೊಟ್ಟಣಕ್ಕೆ ಲೇಬಲ್ ಅಂಟಿಸುವ ಮೇಜಿಗೆ ಹಾಕಿದರು. ನಿವೃತ್ತಿಯಾಗುವವರೆಗೆ ಮೂರು ವರ್ಷ ‘ಬಾಳಿಕೆ ಮೂರು ವರ್ಷ’ ಎಂಬ ಚೀಟಿಗಳನ್ನು ಅಂಟಿಸಿದಳು. ಕಾಳು ಬದಲಾಯಿತೋ ಇಲ್ಲವೋ ಅವಳಿಗೆ ಯಾರೂ ಹೇಳಲಿಲ್ಲ.

ನಿವೃತ್ತಳಾದ ಮೇಲೆ ಒಂದು ಭಾನುವಾರ ನನ್ನನ್ನು ಕರೆಸಿ, “ಆ ಮುದುಕರ ಮಗಳ ಮನೆಗೆ ಹೋಗಬೇಕು ಕಣೇ, ಬಾ,” ಎಂದಳು. ಬೇಡವೆಂದರೂ ಕೇಳಲಿಲ್ಲ. ಎರಡು ಬಸ್ಸು ಬದಲಾಯಿಸಿ ಹೋದೆವು. ಮಗಳು ಗುರುತು ಹಿಡಿದು, ಸಂಭ್ರಮದಿಂದ ಕೂರಿಸಿ, ಕುಡಿಯಲು ನೀರು ಕೊಟ್ಟಳು. ಚಿಕ್ಕಮ್ಮ ಲೋಟ ಮುಟ್ಟದೆ ನೆಲ ನೋಡುತ್ತಾ ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದಳು.

ಆಕೆ ಲೋಟವನ್ನು ಎತ್ತಿ ಬದಿಗಿಟ್ಟಳು.

“ಅಂದ್ರೆ ನಿಮಗೆ ಮೊದಲೇ ಗೊತ್ತಿತ್ತು.”

“ಗೊತ್ತಿತ್ತಮ್ಮ.”

“ಒಂಬತ್ತು ದಿನ ಪಕ್ಕದಲ್ಲೇ ಕೂತಿದ್ರಿ. ನಿಮ್ಮ ಯಜಮಾನರದ್ದು ಮಾತ್ರ ಹಿಡ್ಕೊಂಡು.”

ಚಿಕ್ಕಮ್ಮ ಹೌದೆಂದು ತಲೆಯಾಡಿಸಿದಳು.

“ಅಪ್ಪ ಕಾಯಿಲೆಯಿಂದ ಹೋದ್ರು ಅಂತ ಹೇಗೋ ಸಮಾಧಾನ ಮಾಡ್ಕೊಂಡಿದ್ದೆ. ಈಗ ಇದನ್ನ ನಾನೇನು ಮಾಡ್ಲಿ, ಹೇಳಿ? ನಿಮ್ಮ ಎದೆ ಹಗುರ ಮಾಡ್ಕೊಳ್ಳಕ್ಕೆ ಬಂದ್ರಾ?”

ಎದ್ದು ಬಾಗಿಲು ತೆರೆದು ನಿಂತಳು. ನಾವು ಹೊರಬಂದೆವು. ಬಾಗಿಲು ಮೆಲ್ಲಗೇ ಮುಚ್ಚಿತು.

ಬಸ್ ಸ್ಟಾಪಿನಲ್ಲಿ ಬಿಸಿಲಿತ್ತು, ನೆರಳಿಗೆ ಬಾ ಎಂದರೂ ಚಿಕ್ಕಮ್ಮ ಬರಲಿಲ್ಲ. “ಹಗುರ ಆಗುತ್ತೆ ಅಂದ್ಕೊಂಡೇ ಬಂದಿದ್ದೆ. ಅವಳು ಸರಿಯಾಗೇ ಹೇಳಿದ್ಲು,” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಹಗುರವೂ ಆಗಲಿಲ್ಲ,” ಎಂದಳು. ಮೊದಲ ಬಸ್ಸು ತುಂಬಿತ್ತು, ನಿಲ್ಲಲಿಲ್ಲ. ನಾವು ಮುಂದಿನದಕ್ಕೆ ಕಾದೆವು.