ಗುರುಸಿದ್ದಪ್ಪನವರ ಮೂರು ಡಿವಿಷನ್

ತೆಲುಗು ರಾಜಧಾನಿಯ ನಾರಾಯಣಗೂಡ ಬಡಾವಣೆಯಲ್ಲಿ ಗುರುಸಿದ್ದಪ್ಪನವರ ಟೈಪಿಂಗ್ ಕ್ಲಾಸಿನ ಸದ್ದು ಒಂದು ಕಾಲಕ್ಕೆ ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ತೊಂಬತ್ತೆಂಟರ ಹೊತ್ತಿಗೆ ಅದು ನಿಂತೇ ಹೋಯಿತು. ಇಸವಿ ಎರಡು ಸಾವಿರ ಬಂದರೆ ಬ್ಯಾಂಕುಗಳ ಕಂಪ್ಯೂಟರಿಗೆಲ್ಲ ತಲೆ ಕೆಡುತ್ತದಂತೆ, ರಿಪೇರಿಗೆ ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆ ಬಲ್ಲವರು ಬೇಕಂತೆ ಎಂಬ ಸುದ್ದಿ ಹಬ್ಬಿ, ಊರಿನ ಹುಡುಗ ಹುಡುಗಿಯರೆಲ್ಲ ಅದರ ಬೆನ್ನು ಹತ್ತಿದ್ದರು. ಗುರುಸಿದ್ದಪ್ಪನವರೂ ಬೋರ್ಡು ಬದಲಿಸಿ, ಒಂದು ಹಳೆಯ ಕಂಪ್ಯೂಟರು, ಪ್ರಿಂಟರು ತಂದಿಟ್ಟರು. ಕೋಬಾಲ್ ಎಂದರೇನೆಂದು ತಿಳಿಯುವ ಕೆಲಸವನ್ನು ಮಾತ್ರ ಬೋರ್ಡಿನ ಬಣ್ಣ ಒಣಗಿದ ಮೇಲೆ ಇಟ್ಟುಕೊಂಡರು.

ಕೋಠಿ ಬಜಾರಿನ ಫುಟ್‌ಪಾತಿನಲ್ಲಿ ಕೋಬಾಲಿನ ಒಂದು ಹಳೆಯ ಪುಸ್ತಕ ಸಿಕ್ಕಿತು. ನಾಲ್ಕು ಪುಟ ಓದಿ ಅವರು ಕುಣಿದಾಡಿದರು. ಡಿವಿಷನ್ ಎಂಬ ಭಾಗಗಳ ಹೆಸರು ಸಾಲಿನ ಎಂಟನೆಯ ಕಾಲಮ್ಮಿನಿಂದ, ಆಜ್ಞೆಗಳು ಹನ್ನೆರಡರಿಂದ, ಮುಗಿದಲ್ಲಿ ಚುಕ್ಕೆ.

"ಗೋದಾವರಿ, ಇದು ನಮ್ಮ ಟೈಪಿಂಗೇ ಐತಲ್ಲ!"

"ಹಂಗಾದ್ರ ಇಷ್ಟ್ ದಿನ ನಿಮ್ಮನ್ನ ಯಾರೂ ಯಾಕ ಕರೀಲಿಲ್ರಿ?" ಎಂದಳು ಹೆಂಡತಿ.

ಪ್ರೋಗ್ರಾಮಿಗೆ ನಾಲ್ಕು ಡಿವಿಷನ್. ಐಡೆಂಟಿಫಿಕೇಷನ್ನಿನಲ್ಲಿ ಪ್ರೋಗ್ರಾಮಿನ ಹೆಸರು, ಬರೆದವರ ಹೆಸರು. ಎನ್ವಿರಾನ್ಮೆಂಟಿನಲ್ಲಿ ಯಾವ ಮಷೀನು, ಯಾವ ಫೈಲು. ಡೇಟಾದಲ್ಲಿ ಯಾವ ಮಾಹಿತಿಗೆ ಎಷ್ಟು ಜಾಗ. ಕೊನೆಗೆ ನಿಜವಾದ ಕೆಲಸ ನಡೆಯುವ ಪ್ರೊಸೀಜರ್. ಕ್ಲಾಸು ಶುರುವಾಗಿ ಕೆಲವು ವಾರ ಕಳೆದ ಮೇಲೆ ಗೊತ್ತಾಯಿತು, ಆ ಕೊನೆಯ ಭಾಗದ ಹಾಳೆಗಳನ್ನು ಯಾರೋ ಪುಣ್ಯಾತ್ಮ ಕಿತ್ತುಕೊಂಡಿದ್ದ. ಕೋಠಿಯಲ್ಲಿ ಬೇರೆ ಪ್ರತಿ ಇರಲಿಲ್ಲ. ಪಕ್ಕದ ಸೆಂಟರಿನವರನ್ನು ಕೇಳಲು ಒಣ ಜಂಬ ಅಡ್ಡ ಬಂತು.

ಹಾಗಾಗಿ ಮೊದಲ ಮೂರನ್ನೇ ಎಳೆದರು. ಬರೆದವರ ಹೆಸರಿನ ಮೇಲೆ ಒಂದು ದಿನ. ಹತ್ತೇ ಅಕ್ಷರದ ಜಾಗ ಕೊಟ್ಟರೆ ಇಂಗ್ಲಿಷಿನಲ್ಲಿ ಬರೆದ ವಿಶಾಲಾಕ್ಷಿ ಎಂಬ ಹೆಸರಿನ ಕೊನೆಯ 'ಐ' ಹೇಗೆ ಉದುರುತ್ತದೆ ಎಂಬುದರ ಮೇಲೆ ಇಡೀ ಒಂದು ಬೆಳಗ್ಗೆ.

ಕೊನೆಗೆ ಬೀದರಿನ ಕಡೆಯ ಹುಡುಗಿ ಭಾಗ್ಯಶ್ರೀ ಎದ್ದು ನಿಂತಳು.

"ಸರ್, ಹೆಸರು ಬರದ್ವಿ, ಮಷೀನ್ ಬರದ್ವಿ, ಸಾಮಾನೆಲ್ಲ ಹೊಂದಿಸಿಟ್ವಿ. ಅಡಿಗಿ ಯಾವಾಗ್ರಿ?"

"ಅವಸರ ಮಾಡಬ್ಯಾಡವಾ. ತಳಪಾಯ ಗಟ್ಟಿ ಆಗ್ಲಿ."

"ತಳಪಾಯದಾಗೇ ಮಲ್ಕೊಳ್ಳೂದೇನ್ರಿ?"

ಕ್ಲಾಸು ನಕ್ಕಿತು. ಕನ್ನಡ ಬಾರದವರಿಗೆ ಪಕ್ಕದವರು ತೆಲುಗಿನಲ್ಲಿ ಹೇಳಿದರು, ಅವರು ತಡವಾಗಿ ನಕ್ಕರು. ಅಷ್ಟರಲ್ಲಿ ಭಾಗ್ಯಶ್ರೀ ಮೇಜಿನ ಮೇಲಿದ್ದ ಪುಸ್ತಕ ತೆಗೆದು ಕೊನೆಯ ಪುಟಕ್ಕೆ ಬಂದಿದ್ದಳು.

ಗುರುಸಿದ್ದಪ್ಪನವರು ಸೀಮೆಸುಣ್ಣ ಕೆಳಗಿಟ್ಟರು. "ಮುಂದ ಏನೈತೋ ನನಗೂ ಗೊತ್ತಿಲ್ಲವಾ." ಹೇಳಿದ ಮೇಲೆ, ಬಿಗಿ ಬೂಟು ಕಳಚಿದಷ್ಟು ಹಾಯೆನಿಸಿತು. ಆದರೆ ಅರ್ಧ ಕ್ಲಾಸು ಫೀ ವಾಪಸು ಕೇಳಲು ಎದ್ದಿತ್ತು.

ಎದ್ದವರನ್ನು ಕೂರಿಸಿದವಳು ಭಾಗ್ಯಶ್ರೀಯೇ. ಕಂಪನಿಯೊಂದರಲ್ಲಿದ್ದ ಅವಳ ಅಣ್ಣನ ಬಳಿ ಪೂರ್ತಿ ಪುಸ್ತಕವಿತ್ತು.

"ಓದಿಕೊಂಡು ಬಂದು ಪ್ರೊಸೀಜರ್ ನಾ ಹೇಳ್ತೀನಿ. ಬೋರ್ಡ್ ಮ್ಯಾಲೆ ನನ್ನ ಹೆಸರು ಬರಬೇಕ್ರಿ."

"ನನ್ನ ಹೆಸರಿನ ಕೆಳಗಾ?"

"ಮ್ಯಾಲ್ರಿ. ಕೆಲಸ ಮಾಡೂ ಡಿವಿಷನ್ ನಂದು."

ಬೋರ್ಡು ಮತ್ತೆ ಬದಲಾಯಿತು. ಅವಳು ಪಾಠ ಮಾಡುವಾಗ ಗುರುಸಿದ್ದಪ್ಪನವರು ಹಿಂದಿನ ಬೆಂಚಿನಲ್ಲಿ ಕೂತು ಕಲಿತರು, ಹೊಟ್ಟೆಕಿಚ್ಚಿನಿಂದ ಆಗಾಗ ಕೆಮ್ಮಿದರು. ಮೊದಲ ಪ್ರೋಗ್ರಾಮು ಓಡಿಸಿದಾಗ ಪರದೆಯ ತುಂಬ ತಪ್ಪುಗಳ ಮೆರವಣಿಗೆ. ಎಲ್ಲರೂ ಅವಳ ಪ್ರೊಸೀಜರನ್ನೇ ಜಾಲಾಡಿದರು. ತಪ್ಪು ಇದ್ದದ್ದು ಗುರುಸಿದ್ದಪ್ಪನವರೇ ಟೈಪು ಮಾಡಿದ ಡೇಟಾ ಡಿವಿಷನ್ನಿನಲ್ಲಿ, ಒಂದು ಬಿಟ್ಟುಹೋದ ಚುಕ್ಕೆ.

"ಕಣ್ಣಿಗೆ ಪೊರೆ ಬಂದೈತವಾ," ಎಂದು ಜಾರಿಕೊಂಡರು. ಚುಕ್ಕೆ ಇಟ್ಟ ಮೇಲೆ ಇಲ್ಲದ ಕಂಪನಿಯ ಇಲ್ಲದ ನೌಕರನ ಸಂಬಳದ ಚೀಟಿ ಪ್ರಿಂಟಾಗಿ ಬಂತು. ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅವರೇ.

ಎರಡು ಸಾವಿರ ಬಂತು, ಬ್ಯಾಂಕುಗಳು ಮುಳುಗಲಿಲ್ಲ, ಕ್ಲಾಸು ಮುಳುಗಿತು. ಭಾಗ್ಯಶ್ರೀ ಒಂದು ವಿಮಾ ಕಂಪನಿ ಸೇರಿದಳು. ಖಾಲಿ ಕೋಣೆಯಲ್ಲಿ ಗೋದಾವರಿ ಹಾಸ್ಟೆಲ್ ಹುಡುಗರಿಗೆ ಜೋಳದ ರೊಟ್ಟಿಯ ಮೆಸ್ ತೆರೆದಳು. ಟೈಪಿಂಗು, ಕೋಬಾಲ್ ಎರಡೂ ಸೇರಿದರೂ ಕಾಣದಷ್ಟು ಜನ ಅಲ್ಲಿಗೆ ಬಂದರು. ಭಾಗ್ಯಶ್ರೀ ಭಾನುವಾರ ಊಟಕ್ಕೆ ಬರುತ್ತಾಳೆ. ಆಗ ಗುರುಶಿಷ್ಯರಿಬ್ಬರೂ ಕೂತು ಜಾವಾ ಎಂಬ ಹೊಸ ಕಂಪ್ಯೂಟರ್ ಭಾಷೆಯನ್ನು ಬಾಯ್ತುಂಬ ಬೈಯುತ್ತಾರೆ. ಅದು ಇಬ್ಬರಿಗೂ ಬರುವುದಿಲ್ಲ.