ಅಂಗಾಲಿಗೆ ಗೊತ್ತಿದ್ದ ಮನೆ

ಶಹಾಬಾದಿನ ನಮ್ಮ ಓಣಿಯ ಬಾಬುಮಿಯಾ ಕಾಕಾ ನಲವತ್ತು ವರ್ಷ ಖಣಿಯಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಸೀಳಿದವರು. ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ‘ಇದು ಗಟ್ಟಿ, ಇದು ಒಡಕು’ ಎಂದರೆ ಮಾಲೀಕನೂ ತೆಪ್ಪಗಿರುತ್ತಿದ್ದ. ಮದುವೆಯಾದ ವರ್ಷ ತಮ್ಮ ಎರಡು ಕೋಣೆಯ ಮನೆಗೆ ಒಂದೊಂದೇ ಕಲ್ಲು ಆರಿಸಿ ತಾವೇ ಹಾಸಿದ್ದರು. ಹೊಸ್ತಿಲ ಬಳಿ ಒರಟು ಕಲ್ಲು, ನಮಾಜಿನ ಜಾಗಕ್ಕೆ ನುಣುಪಾದದ್ದು, ಬಚ್ಚಲ ದಾರಿಗೆ ಜಾರದಂಥದ್ದು.

ಹೆಂಡತಿ ನಜಮುನ್ನೀಸಾ ತೀರಿಕೊಂಡ ಮೇಲೆ ಅವರಿಗೆ ನೆನಪು ಕೈಕೊಡತೊಡಗಿತು. ಇದು ಮರೆವಿನ ಕಾಯಿಲೆ, ವಾಸಿಯಾಗುವುದಿಲ್ಲ, ಗುರುತಿನ ಜಾಗದಲ್ಲಿ ದಿನದ ರೂಢಿಯಂತೆ ಇದ್ದರೆ ನೆಮ್ಮದಿಯಾಗಿರುತ್ತಾರೆ ಎಂದರು ಡಾಕ್ಟರು. ಹಾಗೇ ಇದ್ದರು ಕೂಡ. ಮೊಮ್ಮಗಳ ಹೆಸರು ಮರೆತರು, ಉಂಡದ್ದು ಮರೆತರು, ಆದರೆ ಬೆಳಿಗ್ಗೆ ಬರಿಗಾಲಲ್ಲಿ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ನಮಾಜಿಗೆ ನಿಲ್ಲುವುದಕ್ಕೆ ಯಾರ ಕೈಯೂ ಬೇಕಿರಲಿಲ್ಲ. ಅಂಗಾಲಿಗೆ ಆ ಮನೆ ಗೊತ್ತಿತ್ತು.

ಇಷ್ಟು ನಮಗೆ ಹೊಳೆಯಬೇಕಿತ್ತು. ಒಂದು ದಿನ ಎಡವಿ ಬಿದ್ದರು, ಅಷ್ಟಕ್ಕೇ ತಪ್ಪು ಕಲ್ಲಿನದೆಂದುಕೊಂಡೆವು.

“ಆ ಹಳೀ ಕಲ್ಲು ಕಿತ್ತಿ ಒಗಿಯೋ. ನೀನೇ ಟೈಲ್ಸ್ ಮೇಸ್ತ್ರಿ ಇದ್ದಿ, ನಿಮ್ಮಪ್ಪ ಆರಾಮ ಇರ್ಲಿ,” ಎಂದು ಅವರ ಮಗ ಅಕ್ರಮ್‌ಗೆ ಹೇಳಿದ ಮಹಾ ಜಾಣ ನಾನೇ, ಪಕ್ಕದ ಮನೆಯ ದೇವೀಂದ್ರಪ್ಪ. ಕೇಳದಿದ್ದರೂ ಬುದ್ಧಿ ಹೇಳುವ ಚಟ ನನ್ನದು.

ಅಕ್ರಮ್ ತಂದೆಯನ್ನು ಒಂದು ವಾರ ಚಿತ್ತಾಪುರದ ತನ್ನ ಅಕ್ಕನ ಮನೆಗೆ ಕಳಿಸಿ, ಮುಖ ಕಾಣುವಂಥ ಬಿಳಿ ಟೈಲ್ಸ್ ಹಾಕಿದ. ಹಳೆಯ ಕಲ್ಲು ಒಡೆದು ಓಣಿಯ ತಗ್ಗಿಗೆ ಸುರಿದೆವು.

ಮರಳಿ ಬಂದ ಕಾಕಾ ಹೊಸ್ತಿಲಲ್ಲೇ ನಿಂತು ಲುಂಗಿ ಮೇಲೆತ್ತಿದರು. “ಕಾಗಿಣಾ ಹೊಳಿ ತುಂಬಿ ಬಂದದ. ಹ್ಯಾಂಗ ದಾಟ್ಲಿ?”

ನಾವು ನಕ್ಕೆವು. ಆ ನಗು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕೈಹಿಡಿದು ಒಳಗೆ ಕರೆದೊಯ್ದರೆ ನಡುಗುತ್ತಿದ್ದರು. ಮಂಚದಿಂದ ಕಾಲು ಇಳಿಸಲೇ ಇಲ್ಲ. ಬಚ್ಚಲಿಗೆ ಹೋಗಲಾಗದೆ ಹಾಸಿಗೆಯಲ್ಲೇ ಆಗಿಬಿಡುತ್ತಿತ್ತು. ಸೊಸೆ ಸಾಯಿರಾ ಬಟ್ಟೆ ಬದಲಿಸುವಾಗ ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದರು. ಎಲ್ಲ ಮರೆತರೂ ಮಾನ ಮರೆತಿರಲಿಲ್ಲ. ಸಂಜೆಯಾದರೆ ಒಂದೇ ಮಾತು: “ನನಗ ಮನಿಗಿ ಬಿಡ್ರಿ.”

ಎರಡು ತಿಂಗಳಿಗೆ ಅಕ್ರಮ್ ಸೋತುಹೋದ. “ದೇವೀಂದ್ರಣ್ಣ, ಎಲ್ಲಾ ಕಿತ್ತಿ ಮತ್ತ ಪರ್ಸಿ ಹಾಕ್ತೀನಿ. ಅಬ್ಬಾಗ ಅವರ ಮನಿ ವಾಪಸ್ ಕೊಡಬೇಕು,” ಎಂದ.

ಈ ಸಲ ನಾನು ಬುದ್ಧಿ ಹೇಳಲಿಲ್ಲ, ಕಲ್ಲು ಹೊತ್ತೆ. ಎತ್ತಿ ತಂದು ಕೂರಿಸಿದ್ದ ಕಾಕಾ ಅಂಗಳದ ಬೇವಿನ ಕೆಳಗಿನಿಂದ ನೋಡುತ್ತಿದ್ದರು. ಐದು ದಿನ ಅಕ್ರಮ್ ಬೇರೆ ಕೆಲಸಕ್ಕೆ ಹೋಗಲಿಲ್ಲ. ಹೊಸ್ತಿಲಿಗೆ ಒರಟು, ನಮಾಜಿಗೆ ನುಣುಪು, ಬಚ್ಚಲ ದಾರಿಗೆ ಜಾರದ್ದು ಎಂದು ನೆನಪಿಸಿಕೊಂಡು ನೆನಪಿಸಿಕೊಂಡು ಕೂಡಿಸಿದ.

ಕೊನೆಯ ಕಲ್ಲು ಕೂತ ಮಧ್ಯಾಹ್ನ ಕಾಕಾ ತಾವಾಗಿಯೇ ಎದ್ದು ಬಂದರು. ಒರಟು ಕಲ್ಲಿನ ಮೇಲೆ ಬರಿಗಾಲಿಟ್ಟರು. ನಡುಗಲಿಲ್ಲ. ಕುಕ್ಕರುಗಾಲಲ್ಲಿ ಕುಳಿತು ಗೆಣ್ಣಿನಿಂದ ಎರಡು ಸಲ ಬಡಿದರು. ಅಕ್ರಮ್ ಕರಣೆ ಹಿಡಿದು ಪಕ್ಕದಲ್ಲೇ ನಿಂತಿದ್ದ.

“ಭಾಳ ಚೊಲೊ ಕೂಡ್ಸೀರಿ, ಮೇಸ್ತ್ರಿ,” ಎಂದರು ಕಾಕಾ, ಮಗನ ಮುಖವನ್ನೇ ನೋಡುತ್ತ. “ಕೆಲಸ ಗಟ್ಟಿ ಅದ. ನನ್ನ ಮಗಗ ತೋರಿಸ್ಬೇಕು. ಅಂವ ಬಂದನಂದ್ರ ಮನಿಗಿ ಹೋಗ್ತೀನಿ.”

ಅಕ್ರಮ್ ಸಿಮೆಂಟಿನ ಕೈಯನ್ನು ಅಂಗಿಗೆ ಒರೆಸಿಕೊಂಡ.

“ಬರ್ತಾನ್ರಿ,” ಎಂದ. “ಕುಂದ್ರಿ.”